ಒಂದು ಓಟಿನಲ್ಲಿ ಎಷ್ಟು ಹೇಳಬಹುದು?

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1949ರಿಂದ ಈಚೆಗೆ ಡೆಮಾಕ್ರಟಿಕ್ ಪಕ್ಷದವರನ್ನು ಬಿಟ್ಟು ಬೇರೆ ಯಾರೂ ಮೇಯರ್ ಆಗಿಲ್ಲ. ಹೀಗಾಗಿ ಏಪ್ರಿಲ್ ತಿಂಗಳ ಚುನಾವಣೆ ಅಲ್ಲಿ ಬಹುಕಾಲ ಬರೀ ಶಾಸ್ತ್ರಕ್ಕೆ ನಡೆಯುತ್ತಿತ್ತು. ನಿಜವಾದ ತೀರ್ಮಾನ ಆಗುತ್ತಿದ್ದುದು ಮಾರ್ಚ್‌ನಲ್ಲಿ, ಪಕ್ಷದ ಹುರಿಯಾಳನ್ನು ಆರಿಸುವ ಪ್ರೈಮರಿಯಲ್ಲಿ. ಪ್ರೈಮರಿ ಎಂಬುದು ನಮ್ಮಲ್ಲಿಲ್ಲದ ವ್ಯವಸ್ಥೆ. ಇಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್. ಅಲ್ಲಿ ಅದನ್ನು ಕೊಡುವವರು ಮತದಾರರೇ.

2017ರ ಪ್ರೈಮರಿಯಲ್ಲಿ ಏಳು ಮಂದಿ ಕಣಕ್ಕಿಳಿದರು. ಲೈಡಾ ಕ್ರೂಸನ್ ಸುಮಾರು ಶೇ 32ರಷ್ಟು ಮತ ಪಡೆದು ಗೆದ್ದರು. ಎರಡನೇ ಸ್ಥಾನದ ಟಿಶೌರಾ ಜೋನ್ಸ್ ಅವರಿಗೆ ಸುಮಾರು ಶೇ 30 ಬಂತು. ಅಂತರ ಸಾವಿರ ಮತವನ್ನೂ ಮುಟ್ಟಲಿಲ್ಲ. ಕಪ್ಪು ಜನಾಂಗದವರು ದೊಡ್ಡ ಸಂಖ್ಯೆಯಲ್ಲಿರುವ ಊರಿನಲ್ಲಿ ಆ ಸಮುದಾಯದ ಪ್ರಮುಖ ಅಭ್ಯರ್ಥಿಗಳ ನಡುವೆ ಮತ ಹಂಚಿಹೋಗಿತ್ತು. ಮತ ವಿಭಜನೆಯ ಲೆಕ್ಕವನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಣಿಕೆಯ ದಿನ ಟಿ.ವಿ. ಮುಂದೆ ಕೂತವರಿಗೆಲ್ಲ ಅದು ಬಾಯಿಪಾಠ.

ಪ್ರೈಮರಿಯನ್ನು ಎಲ್ಲರಿಗೂ ತೆರೆದರೆ ನ್ಯಾಯ ಸಿಗುತ್ತದೆ ಎನ್ನುವವರು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಸೇಂಟ್ ಲೂಯಿಸ್‌ನ ಆ ಪ್ರೈಮರಿ ಮುಕ್ತವಾಗಿಯೇ ಇತ್ತು. ಪಕ್ಷದ ಸದಸ್ಯರೆಂದು ಹೆಸರು ನೋಂದಾಯಿಸಬೇಕಿರಲಿಲ್ಲ. ಯಾರು ಬೇಕಾದರೂ ಮತಗಟ್ಟೆಗೆ ಹೋಗಿ ತಮಗಿಷ್ಟ ಬಂದ ಪಕ್ಷದ ಮತಪತ್ರ ಕೇಳಿ ಪಡೆಯಬಹುದಿತ್ತು. ಆದರೂ ಮೂವರಲ್ಲಿ ಇಬ್ಬರು ಬೇಡವೆಂದವರು ಗೆದ್ದರು. ಯಾರು ಮತ ಹಾಕಬಹುದು ಎಂಬುದು ಒಂದು ಪ್ರಶ್ನೆ. ಹಾಕಿದ ಮತದಲ್ಲಿ ಏನೆಲ್ಲ ಹೇಳಬಹುದು ಎಂಬುದು ಬೇರೆಯೇ ಪ್ರಶ್ನೆ. ಸುಧಾರಣೆಯ ಮಾತಾಡುವವರು ಮೊದಲನೆಯದರಲ್ಲೇ ನಿಂತುಬಿಡುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ಆದದ್ದೂ ಅದೇ. ಎಲ್ಲ ಪಕ್ಷದವರೂ ಒಂದೇ ಪ್ರೈಮರಿಯಲ್ಲಿ ಸ್ಪರ್ಧಿಸಿ, ಮೊದಲ ಇಬ್ಬರು ಅಂತಿಮ ಸುತ್ತಿಗೆ ಹೋಗುವ ಪದ್ಧತಿಗೆ ಆ ರಾಜ್ಯದ ಜನ 2010ರಲ್ಲಿ ಒಪ್ಪಿಗೆ ಕೊಟ್ಟರು. 2012ರಲ್ಲಿ ಡೆಮಾಕ್ರಟರ ಒಲವಿದ್ದ 31ನೇ ಸಂಸದೀಯ ಕ್ಷೇತ್ರದಲ್ಲಿ ಆ ಪಕ್ಷದ ನಾಲ್ವರು ಒಬ್ಬರ ಮತ ಒಬ್ಬರು ತಿಂದರು. ಅಂತಿಮ ಸುತ್ತಿಗೆ ಹೋದವರಿಬ್ಬರೂ ರಿಪಬ್ಲಿಕನ್ನರು. ಬಾಗಿಲು ತೆರೆದಿತ್ತು, ಮತಪತ್ರ ಹಳೆಯದೇ ಆಗಿತ್ತು.

ಸೇಂಟ್ ಲೂಯಿಸ್ ಮತಪತ್ರಕ್ಕೇ ಕೈ ಹಾಕಿತು. 2020ರ ನವೆಂಬರ್‌ನಲ್ಲಿ ಸುಮಾರು ಶೇ 68ರಷ್ಟು ಮತದಾರರು ಒಪ್ಪಿದ ಹೊಸ ನಿಯಮದಂತೆ ಪ್ರೈಮರಿಯ ಮತಪತ್ರದಲ್ಲಿ ಪಕ್ಷದ ಹೆಸರಿಲ್ಲ. ತಮಗೆ ಒಪ್ಪಿಗೆಯಾಗುವ ಎಷ್ಟು ಹೆಸರಿಗೆ ಬೇಕಾದರೂ ಗುರುತು ಹಾಕಬಹುದು. ಹೆಚ್ಚು ಗುರುತು ಪಡೆದ ಇಬ್ಬರು ಏಪ್ರಿಲ್‌ಗೆ. ಇದನ್ನು ಒಪ್ಪಿಗೆ ಮತದಾನ ಎನ್ನೋಣ. ಸ್ಟೀವನ್ ಬ್ರಾಮ್ಸ್ ಮತ್ತು ಪೀಟರ್ ಫಿಶ್‌ಬರ್ನ್ 1978ರಲ್ಲಿ ಇದರ ಗಣಿತವನ್ನು ವಿವರವಾಗಿ ಮಂಡಿಸಿದ್ದರು. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಒಂದಕ್ಕಿಂತ ಹೆಚ್ಚು ಸದಸ್ಯರನ್ನು ಆರಿಸುವ ಕ್ಷೇತ್ರಗಳ ಮತದಾರರಿಗೆ ಹಲವು ಗುರುತು ಹೊಸದೇನಲ್ಲ. ಆದರೆ ಅಲ್ಲಿ ಎಷ್ಟು ಸ್ಥಾನವೋ ಅಷ್ಟೇ ಓಟು. ಇಲ್ಲಿ ಸ್ಥಾನ ಒಂದೇ, ಓಟಿಗೆ ಮಿತಿಯಿಲ್ಲ.

2021ರ ಮಾರ್ಚ್‌ನಲ್ಲಿ ಮೊದಲ ಪ್ರಯೋಗ. ಟಿಶೌರಾ ಜೋನ್ಸ್ ಅವರಿಗೆ ಶೇ 57, ಕಾರಾ ಸ್ಪೆನ್ಸರ್‌ಗೆ ಶೇ 46, ಲೂಯಿಸ್ ರೀಡ್‌ಗೆ ಶೇ 39, ಆಂಡ್ರ್ಯೂ ಜೋನ್ಸ್‌ಗೆ ಶೇ 14. ಕೂಡಿದರೆ 156. ಅಂದರೆ ಒಬ್ಬ ಮತದಾರ ಸರಾಸರಿ ಒಂದೂವರೆ ಹೆಸರಿಗೆ ಒಪ್ಪಿಗೆ ಕೊಟ್ಟಿದ್ದ. ಏಪ್ರಿಲ್‌ನಲ್ಲಿ ಜೋನ್ಸ್ ಸುಮಾರು ಶೇ 52 ಪಡೆದು, ಆ ನಗರದ ಮೊದಲ ಕಪ್ಪು ಮಹಿಳಾ ಮೇಯರ್ ಆದರು. 2025ರಲ್ಲಿ ಅದೇ ಮತಪತ್ರ ಅವರನ್ನು ಇಳಿಸಿತು: ಸ್ಪೆನ್ಸರ್ ಪ್ರೈಮರಿಯಲ್ಲಿ ಸುಮಾರು ಶೇ 68 ಒಪ್ಪಿಗೆ, ಅಂತಿಮ ಸುತ್ತಿನಲ್ಲಿ ಸುಮಾರು ಶೇ 64 ಮತ ಪಡೆದರು.

ಹಾಗೆಂದು ಇದು ದೋಷವಿಲ್ಲದ ಯಂತ್ರವಲ್ಲ. ಒಂದೇ ಸುತ್ತಿನ ಚುನಾವಣೆ, ನೂರು ಮತದಾರರಿದ್ದಾರೆ ಎನ್ನಿ: 30 ಮಂದಿಗೆ ಅ ಇಷ್ಟ, 28 ಮಂದಿಗೆ ಆ, 42 ಮಂದಿಗೆ ಇ. ಅ, ಆ ಇಬ್ಬರದೂ ಒಂದೇ ನಿಲುವು. ಒಂದೇ ಓಟಾದರೆ ಇ ಗೆಲ್ಲುತ್ತಾರೆ. ಒಪ್ಪಿಗೆ ಮತವಾದರೆ ಅ, ಆ ಇಬ್ಬರಿಗೂ 58. ಈಗ ಅ ಬೆಂಬಲಿಗರಲ್ಲಿ ಹತ್ತು ಮಂದಿ ‘ನಮ್ಮವರೊಬ್ಬರಿಗೆ ಸಾಕು’ ಎಂದು ಎರಡನೇ ಗುರುತು ಕೈಬಿಟ್ಟರೆ ಆ 48ಕ್ಕೆ ಇಳಿದು ಅ ಮುಂದಾಗುತ್ತಾರೆ. ಎರಡೂ ಕಡೆಯವರು ಸಾರಾಸಗಟಾಗಿ ಹಾಗೇ ಮಾಡಿದರೆ ಮತ್ತೆ ಇ! ಸೇಂಟ್ ಲೂಯಿಸ್‌ನಂತೆ ಎರಡು ಸುತ್ತಾದರೆ ಇನ್ನೂ ಒಂದು ತೊಡಕಿದೆ. ಎಲ್ಲರೂ ಪ್ರಾಮಾಣಿಕವಾಗಿ ಗುರುತು ಹಾಕಿದರೆ ಅಂತಿಮ ಸುತ್ತಿಗೆ ಹೋಗುವವರಿಬ್ಬರೂ ಒಂದೇ ಪಾಳೆಯದವರು. ಇ ಕಡೆಯ 42 ಮಂದಿಗೆ ತಮ್ಮವರು ಯಾರೂ ಇಲ್ಲ. ಆ ಇಬ್ಬರಲ್ಲಿ ಯಾರು ವಾಸಿ ಎಂದು ಹೇಳುವ ಅವಕಾಶವಂತೂ ಅವರಿಗಿದೆ. ನನ್ನ ಮಟ್ಟಿಗೆ ಅದು ಸಣ್ಣ ಅಧಿಕಾರವಲ್ಲ, ಆದರೆ ಸೋತವರಿಗೆ ಅದು ನ್ಯಾಯವೆಂದು ಅನ್ನಿಸುವುದು ಕಷ್ಟ.

ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳಲ್ಲಿ ಹಾಕುವಂಥ ಪ್ರಾಶಸ್ತ್ಯದ ಮತ ಹಾಕಿದರಾಗದೇ? ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ 2009ರಲ್ಲಿ ಮೇಯರನ್ನು ಹಾಗೆ ಆರಿಸಿತು. ಆಂಡಿ ಮಾಂಟ್ರೋಲ್ ಮೂರನೆಯವರಾಗಿ ಹೊರಬಿದ್ದು ಬಾಬ್ ಕಿಸ್ ಗೆದ್ದರು. ಮತಪತ್ರಗಳನ್ನು ಜೋಡಿ ಜೋಡಿಯಾಗಿ ಲೆಕ್ಕ ಹಾಕಿದಾಗ, ಉಳಿದವರಲ್ಲಿ ಯಾರೊಬ್ಬರ ಎದುರು ನಿಂತಿದ್ದರೂ ಮಾಂಟ್ರೋಲ್ ಗೆಲ್ಲುತ್ತಿದ್ದರು ಎಂದು ತಿಳಿಯಿತು. ಮರುವರ್ಷವೇ ಊರಿನವರು ಆ ಪದ್ಧತಿಯನ್ನು ಕೈಬಿಟ್ಟರು, ವರ್ಷಗಳ ಮೇಲೆ ಮತ್ತೆ ತಂದರು.

ಇಂಥ ತೊಡಕುಗಳು ತಪ್ಪುವುದಿಲ್ಲ ಎಂಬುದಕ್ಕೆ ಗಣಿತದ ಪುರಾವೆಯೇ ಇದೆ. ಮೂರು ಅಥವಾ ಹೆಚ್ಚು ಅಭ್ಯರ್ಥಿಗಳಿದ್ದಾಗ, ಪ್ರಾಶಸ್ತ್ಯಗಳನ್ನು ಕೂಡಿಸುವ ಯಾವ ವಿಧಾನವೂ ನ್ಯಾಯದ ಕೆಲವು ಸರಳ ಷರತ್ತುಗಳನ್ನು ಒಟ್ಟಿಗೆ ಪೂರೈಸಲಾರದು ಎಂದು ಕೆನೆತ್ ಆ್ಯರೋ 1951ರಲ್ಲಿ ತೋರಿಸಿಕೊಟ್ಟರು. ಹಾಗಾಗಿ ಊರೊಂದು ಆರಿಸಿಕೊಳ್ಳುವುದು ತನಗೆ ಸಹಿಸಲಾಗುವ ದೋಷವನ್ನು. ಮತ ವಿಭಜನೆಯಿಂದ ಬೇಸತ್ತ ಊರು ಒಪ್ಪಿಗೆ ಮತವನ್ನು ಆರಿಸಿಕೊಂಡರೆ ಅದರಲ್ಲಿ ಅರ್ಥವಿದೆ.

ಆದರೆ ಆರಿಸುವ ಹಕ್ಕು ಊರಿನದೇ ಆಗಿರಬೇಕೆಂದಿಲ್ಲ. ಸೇಂಟ್ ಲೂಯಿಸ್‌ಗಿಂತ ಮೊದಲೇ, 2018ರಲ್ಲಿ, ಇದೇ ಪದ್ಧತಿಯನ್ನು ಒಪ್ಪಿಕೊಂಡಿದ್ದ ನಾರ್ತ್ ಡಕೋಟಾದ ಫಾರ್ಗೊ ನಗರಕ್ಕೆ 2025ರಲ್ಲಿ ರಾಜ್ಯದ ಕಾನೂನೇ ತಡೆ ಹಾಕಿತು. ಸೇಂಟ್ ಲೂಯಿಸ್ ಇರುವ ಮಿಸೂರಿ ರಾಜ್ಯ 2024ರ ನವೆಂಬರ್‌ನಲ್ಲಿ ತನ್ನ ಸಂವಿಧಾನ ತಿದ್ದಿ ಇಂಥ ಮತಪತ್ರಗಳನ್ನು ನಿಷೇಧಿಸಿತು; ಆಗಲೇ ಜಾರಿಯಲ್ಲಿದ್ದ ಸೇಂಟ್ ಲೂಯಿಸ್‌ನ ನಿಯಮಕ್ಕೆ ಮಾತ್ರ ವಿನಾಯಿತಿ ಕೊಟ್ಟಿತು. ಅಲ್ಲಿನ ಪ್ರಯೋಗ ನೋಡಿ ಮೆಚ್ಚಿದರೂ ಆ ರಾಜ್ಯದ ಬೇರೆ ಯಾವ ನಗರವೂ ಈಗ ಅದನ್ನು ಅನುಸರಿಸುವಂತಿಲ್ಲ.