ಗಂಡನ ರೆಸ್ಯುಮೆ, ಹೆಂಡತಿಯ ಕಣ್ಣು

ಮಧ್ಯಾಹ್ನ ಮೂರು ಗಂಟೆಗೇ ಯಜಮಾನರು ಆಫೀಸಿನಿಂದ ಮನೆಗೆ ಬಂದರೆ ನಿಮಗೆ ಖುಷಿಯಾಗುತ್ತೋ, ಭಯವಾಗುತ್ತೋ? ನನಗಂತೂ ಆ ದಿನ ಎದೆ ಧಸಕ್ಕೆಂದಿತು. ಹೆಗಲ ಮೇಲೆ ಬ್ಯಾಗ್ ಇತ್ತು, ಒಳಗೆ ಲ್ಯಾಪ್‌ಟಾಪ್ ಇರಲಿಲ್ಲ. 'ವಾಪಸ್ ತಗೊಂಡ್ರು' ಎಂದರು, ಅಷ್ಟೇ. ಹದಿಮೂರು ವರ್ಷದ ಸಾಫ್ಟ್‌ವೇರ್ ಕೆಲಸ ಹಾಗೆ ಮುಗಿದಿತ್ತು. ಮನೆ ಸಾಲದ ಕಂತು, ಮಗಳ ಸ್ಕೂಲ್ ಫೀಸು ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಅತ್ತೆಗೆ ಎರಡು ವಾರ 'ವರ್ಕ್ ಫ್ರಂ ಹೋಮ್' ಅಂತ ಸುಳ್ಳು ಹೇಳಿದ್ದೆವು.

ಇದು ನಮ್ಮೊಬ್ಬರ ಮನೆಯ ಕತೆಯಲ್ಲ. 2022ರ ನವೆಂಬರ್‌ನಲ್ಲಿ ಮೆಟಾ 11 ಸಾವಿರಕ್ಕೂ ಹೆಚ್ಚು, 2023ರ ಜನವರಿಯಲ್ಲಿ ಗೂಗಲ್ ಸುಮಾರು 12 ಸಾವಿರ ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿದವು. 2025ರ ಜುಲೈನಲ್ಲಿ ನಮ್ಮ ದೇಶದ ಟಿಸಿಎಸ್ ಕೂಡ ಸುಮಾರು 12 ಸಾವಿರ ಹುದ್ದೆ ಕಡಿತದ ಮಾತಾಡಿತು. ಇಷ್ಟು ಜನ ಒಟ್ಟಿಗೆ ಕೆಲಸ ಹುಡುಕುವಾಗ ಹಳೇ ರೆಸ್ಯುಮೆಗೆ ಒಂದೆರಡು ಸಾಲು ಸೇರಿಸಿ ಕಳಿಸಿದರೆ ಯಾರು ನೋಡುತ್ತಾರೆ? ನಮ್ಮವರೂ ಹಾಗೇ ಕಳಿಸಿದರು. ಮೂರು ವಾರವಾದರೂ ಒಂದು ಫೋನೂ ಬರಲಿಲ್ಲ.

'ಇದರಲ್ಲಿ ನೀವೇನು ಮಾಡಿದ್ರಿ?'

ಒಂದು ರಾತ್ರಿ, 'ಕೊಡಿ, ನಾನೂ ಸ್ವಲ್ಪ ನೋಡ್ತೀನಿ' ಎಂದೆ. ನಾನು ಬಿ.ಎ. ಓದಿದವಳು, ಕೋಡಿಂಗ್ ಗಂಧಗಾಳಿ ಗೊತ್ತಿಲ್ಲ. ಐದು ಪುಟ ಇತ್ತು. ಮೊದಲಿಗೆ 'ಸಂಸ್ಥೆಯ ಬೆಳವಣಿಗೆಯಲ್ಲಿ ನಾನೂ ಬೆಳೆಯಬೇಕು' ಅನ್ನೋ ಧ್ಯೇಯ. ಆಮೇಲೆ ಮೂವತ್ತು ಸಾಫ್ಟ್‌ವೇರ್‌ಗಳ ಹೆಸರು. ಕೊನೆಗೆ ತಂದೆಯ ಹೆಸರು, ಪಾಸ್‌ಪೋರ್ಟ್ ನಂಬರ್, 'ಮೇಲಿನ ಮಾಹಿತಿಯೆಲ್ಲ ಸತ್ಯ' ಎಂಬ ಪ್ರಮಾಣ.

'ರೀ, ಇಷ್ಟುದ್ದ ಇದೆ, ನೀವೇನು ಮಾಡಿದ್ರಿ ಅಂತ ಎಲ್ಲೂ ಇಲ್ವಲ್ಲ?'

'ನಿಂಗೆ ಇದೆಲ್ಲ ಗೊತ್ತಾಗಲ್ಲ ಬಿಡು.'

'ಗೊತ್ತಾಗದೇ ಇರೋದಕ್ಕೇ ಕೇಳ್ತಿದೀನಿ.'

ಸಿಟ್ಟು ಮಾಡಿಕೊಂಡು ಎದ್ದು ಹೋದರು. ಮಾರನೇ ದಿನ ಕಾಫಿ ಕುಡಿಯುತ್ತಾ ತಾವೇ ಶುರು ಮಾಡಿದರು. 'ಒಂದು ಆಸ್ಪತ್ರೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಇತ್ತು. ಒಂದು ಬಿಲ್ ತೆರೆಯೋಕೆ ಒಂಬತ್ತು ಸೆಕೆಂಡ್ ಹಿಡೀತಿತ್ತು, ಕೌಂಟರ್ ಮುಂದೆ ಕ್ಯೂ. ನಾನು ಅದನ್ನ ಎರಡು ಸೆಕೆಂಡಿಗೆ ಇಳಿಸಿದೆ.' ನನಗೆ ಥಟ್ಟನೆ ಅರ್ಥವಾಯಿತು. ಆದರೆ ರೆಸ್ಯುಮೆಯಲ್ಲಿ ಇದ್ದದ್ದೇನು? 'ಜಾವಾ, ಸ್ಪ್ರಿಂಗ್ ಬೂಟ್ ಬಳಸಿ ಅಪ್ಲಿಕೇಶನ್ ಅಭಿವೃದ್ಧಿಪಡಿಸುವ ಜವಾಬ್ದಾರಿ.' ಇದೇ ಸಾಲನ್ನು ಸಾವಿರ ಜನ ಬರೆದಿರುತ್ತಾರೆ!

ಗೆಳತಿಯರೇ, ರೆಸ್ಯುಮೆಯನ್ನು ಮೊದಲು ನೋಡುವವರು ಬಹಳ ಸಲ ಇಂಜಿನಿಯರ್ ಆಗಿರುವುದಿಲ್ಲ, ಎಚ್‌ಆರ್ ವಿಭಾಗದ ಹುಡುಗ ಅಥವಾ ಹುಡುಗಿ ಆಗಿರುತ್ತಾರೆ. ನಿಮಗೆ ಅರ್ಥವಾಗದ್ದು ಅವರಿಗೂ ಆಗದೇ ಇರಬಹುದು. ಹಾಗಾಗಿ 'ನಂಗೇನು ಗೊತ್ತಾಗುತ್ತೆ' ಎಂದು ಹಿಂದೆ ಸರಿಯಬೇಡಿ. ಪಕ್ಕದಲ್ಲಿ ಕೂತು ಇಷ್ಟು ಮಾಡಿ.

ಮೂರು ಪ್ರಶ್ನೆ ಕೇಳಿ: ಒಂದೊಂದು ಕೆಲಸಕ್ಕೂ 'ಏನು ತೊಂದರೆ ಇತ್ತು? ನೀವೇನು ಮಾಡಿದ್ರಿ? ಆಮೇಲೆ ಏನಾಯ್ತು?' ಎಂದು ಕೇಳಿ. ಉತ್ತರವನ್ನು ಒಂದೆರಡು ಸಾಲಲ್ಲಿ ಬರೆಯಲಿ, ಬಳಸಿದ ಸಾಫ್ಟ್‌ವೇರ್ ಹೆಸರನ್ನು ಅಲ್ಲೇ ಸೇರಿಸಲಿ. ಲೆಕ್ಕ ಇದ್ದರೆ ಹಾಕಲಿ, ಇಲ್ಲದಿದ್ದರೆ ಹುಟ್ಟಿಸುವುದು ಬೇಡ.

ಎರಡು ಪುಟ ಸಾಕು: ಈಚಿನ ಐದಾರು ವರ್ಷದ ಕೆಲಸ ವಿವರವಾಗಿರಲಿ, ಹಳೆಯದಕ್ಕೆ ಒಂದೊಂದು ಸಾಲು ಸಾಕು. ಧ್ಯೇಯ, ಪ್ರಮಾಣ, ತಂದೆಯ ಹೆಸರು, ಹುಟ್ಟಿದ ದಿನ ತೆಗೆಯಿರಿ. ಆಧಾರ್, ಪಾಸ್‌ಪೋರ್ಟ್ ನಂಬರ್ ಬೇಡವೇ ಬೇಡ. ರೆಸ್ಯುಮೆ ಯಾರ ಯಾರ ಕೈಗೋ ಹೋಗುತ್ತದೆ.

ಅಲಂಕಾರ ಬೇಡ: ಅನೇಕ ದೊಡ್ಡ ಕಂಪನಿಗಳಲ್ಲಿ ಅರ್ಜಿಗಳು ಮೊದಲು ಕಂಪ್ಯೂಟರ್ ತಂತ್ರಾಂಶದೊಳಗೆ ಹೋಗುತ್ತವೆ. ಫೋಟೋ, ಬಣ್ಣದ ಚೌಕ, ಎರಡು ಕಾಲಂ ಇದ್ದರೆ ಅದು ತಪ್ಪಾಗಿ ಓದಿಕೊಳ್ಳಬಹುದು. ಸಾದಾ ಅಕ್ಷರ, ಒಂದೇ ಕಾಲಂ ಇರಲಿ. ಜಾಹೀರಾತಿನಲ್ಲಿ ಕೇಳಿದ ವಿದ್ಯೆ ನಿಜವಾಗಿಯೂ ಬರುತ್ತಿದ್ದರೆ ಅದೇ ಪದದಲ್ಲಿ ಬರೆಯಲಿ. ಎಲ್ಲ ಕೆಲಸಕ್ಕೂ ಒಂದೇ ರೆಸ್ಯುಮೆ ಸಾಲದು, ಜಾಹೀರಾತು ನೋಡಿ ಸ್ವಲ್ಪ ಬದಲಿಸಬೇಕು.

ಸುಳ್ಳು ಬೇಡ: ಖಾಲಿ ಇದ್ದ ತಿಂಗಳು ಮುಚ್ಚಿಡಲು ತಾರೀಖು ತಿದ್ದುವ, ಅನುಭವ ಪತ್ರ 'ಮಾಡಿಸಿಕೊಡುವ' ಜನರಿದ್ದಾರೆ. ಯಾವ ಕಂಪನಿಗೆ ಯಾವಾಗ ಸೇರಿದ್ದು, ಯಾವಾಗ ಬಿಟ್ಟಿದ್ದು ಅನ್ನೋದು ಪಿಎಫ್ ದಾಖಲೆಯಲ್ಲೇ ಇರುತ್ತದೆ. ಸಿಕ್ಕಿದ ಕೆಲಸವೂ ಆಮೇಲೆ ಹೋದೀತು. ಕೆಲಸ ಹೋದದ್ದು ಅವಮಾನವಲ್ಲ. ನೋಟಿಸ್ ಅವಧಿ ಎರಡು ಮೂರು ತಿಂಗಳಿರುವ ಈ ಕ್ಷೇತ್ರದಲ್ಲಿ 'ನಾಳೆಯೇ ಸೇರಬಲ್ಲೆ' ಅನ್ನೋದೂ ಒಂದು ಬಲ. ಅದನ್ನು ಮೇಲೆಯೇ ಬರೆಯಲಿ.

ಚಾಟ್‌ಜಿಪಿಟಿಗೆ ಎಷ್ಟು ಬೇಕೋ ಅಷ್ಟೇ: ಇಂಗ್ಲಿಷ್ ತಿದ್ದಿಸಿಕೊಳ್ಳಿ, ಪೂರ್ತಿ ಬರೆಸಬೇಡಿ. ಊರವರೆಲ್ಲ ಒಂದೇ ಮಿಕ್ಸ್ ತಂದು ಮಾಡಿದ ಗುಲಾಬ್ ಜಾಮೂನಿನ ಹಾಗಾಗುತ್ತದೆ. ಬರೆದ ಸಾಲಿಗೆ ಇಂಟರ್‌ವ್ಯೂನಲ್ಲಿ ಉತ್ತರ ಕೊಡುವವರು ಅವರೇ ತಾನೆ?

ಹಣ ಕೊಡಬೇಡಿ: 'ರಿಜಿಸ್ಟ್ರೇಷನ್ ಫೀಸ್ ಕಟ್ಟಿ, ಕೆಲಸ ಗ್ಯಾರಂಟಿ' ಎಂದು ಕರೆ ಬಂದರೆ ಅಲ್ಲೇ ಫೋನ್ ಇಡಿ. ಬದಲಿಗೆ ಹಳೇ ಸಹೋದ್ಯೋಗಿಗಳ ಪಟ್ಟಿ ಮಾಡಿ. ಒಳಗಿದ್ದವರು ಹೆಸರು ಸೂಚಿಸಿದರೆ ರೆಸ್ಯುಮೆಯನ್ನು ನೋಡುವ ಸಾಧ್ಯತೆ ಜಾಸ್ತಿ. ಕೇಳಲು ಅವರಿಗೆ ಸಂಕೋಚ, ಸ್ವಲ್ಪ ನೂಕುವ ಕೆಲಸ ನಿಮ್ಮದು.

ನಿಮ್ಮದೇ ರೆಸ್ಯುಮೆ ಬೀರುವಿನಲ್ಲಿದ್ದರೆ?

ಮಕ್ಕಳಿಗಾಗಿ ಸಾಫ್ಟ್‌ವೇರ್ ಕೆಲಸ ಬಿಟ್ಟವರು ನಿಮ್ಮಲ್ಲೂ ಇದ್ದೀರಿ. ಬಿಟ್ಟ ವರ್ಷಗಳನ್ನು ಮುಚ್ಚಬೇಡಿ. 'ಮಗುವಿನ ಪಾಲನೆಗಾಗಿ ಬಿಡುವು' ಎಂದು ಒಂದು ಸಾಲು ಬರೆಯಿರಿ. ಅದರ ಕೆಳಗೆ ಈಚೆಗೆ ಕಲಿತದ್ದು, ಮಾಡಿದ ಸಣ್ಣದೊಂದು ಪ್ರಾಜೆಕ್ಟ್ ಇರಲಿ. ಬಿಡುವಿನ ನಂತರ ಮರಳುವ ಮಹಿಳೆಯರಿಗೆಂದೇ ಕೆಲವು ಕಂಪನಿಗಳು ಅವಕಾಶ ಕೊಡುತ್ತವೆ, ಹುಡುಕಿ.

ಇನ್ನೊಂದು ಮಾತು. ದಿನಾ ಸಂಜೆ 'ಏನಾಯ್ತು, ಫೋನ್ ಬಂತಾ?' ಎಂದು ಕೇಳಬೇಡಿ. ಬಂದರೆ ಅವರೇ ಹೇಳುತ್ತಾರೆ. ನಾನು ಇದನ್ನು ತಡವಾಗಿ ಕಲಿತೆ.

ರೆಸ್ಯುಮೆ ತಿದ್ದಿದ ತಕ್ಷಣ ಪವಾಡವೇನೂ ಆಗಲಿಲ್ಲ. ಎರಡು ವಾರಕ್ಕೆ ಮೊದಲ ಫೋನ್ ಬಂತು, ಐದನೇ ತಿಂಗಳು ಕೆಲಸ ಸಿಕ್ಕಿತು, ಸಂಬಳ ಮೊದಲಿಗಿಂತ ಕಡಿಮೆ. ಕಂತು ಕಟ್ಟುತ್ತಿದ್ದೇವೆ, ಖರ್ಚು ಬಿಗಿ ಮಾಡಿದ್ದೇವೆ. ಆದರೆ ಹದಿಮೂರು ವರ್ಷ ಗಂಡ ಆಫೀಸಿನಲ್ಲಿ ಏನು ಮಾಡುತ್ತಿದ್ದರು ಅಂತ ನನಗೆ ಗೊತ್ತಾದದ್ದೂ, ತಾನು ಇಷ್ಟೆಲ್ಲ ಮಾಡಿದ್ದೇನೆ ಅಂತ ಅವರಿಗೇ ನೆನಪಾದದ್ದೂ ಆ ಕಾಫಿ ಹೊತ್ತಿನಲ್ಲೇ. ಇವತ್ತು ರಾತ್ರಿ ಊಟವಾದ ಮೇಲೆ ನೀವೂ ಒಮ್ಮೆ ಕೇಳಿ ನೋಡಿ, ಕೆಲಸ ಇರುವಾಗಲೇ!