ಹಳೆಯ ಉಪಕರಣ, ಹೊಸ ಮಾರುಕಟ್ಟೆ: ರೇಷ್ಮೆ ಚರಕ-ಮಗ್ಗಗಳ ಕಾಲ ಹಾಗೂ ಬೆಲೆ ನಿರ್ಣಯ

ಚಾಮರಾಜನಗರ ಜಿಲ್ಲೆಯ ಆರ್ಥಿಕ ಜೀವನದಲ್ಲಿ ರೇಷ್ಮೆಯ ಸ್ಥಾನವೇನೆಂಬುದನ್ನು ಇಲ್ಲಿನ ವರ್ತಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಚಾಮರಾಜನಗರ, ಸಂತೇಮರಹಳ್ಳಿ, ಮಾಂಬಳ್ಳಿ, ಕೊಳ್ಳೇಗಾಲಗಳಲ್ಲಿ ಸರ್ಕಾರಿ ನೂಲು ಬಿಚ್ಚಾಣಿಕೆ ಕಾರ್ಖಾನೆಗಳು ತಲೆಯೆತ್ತಿದವು. ಕೊಳ್ಳೇಗಾಲದ ರೇಷ್ಮೆ ಸೀರೆ ದೂರದ ಊರುಗಳಲ್ಲಿ ಹೆಸರು ಮಾಡಿತು. ಕಾಲ ಬದಲಾದಂತೆ ಕೈಚರಕದ ಜಾಗಕ್ಕೆ ಕಾಟೇಜ್ ಬೇಸಿನ್, ಅದರ ಜಾಗಕ್ಕೆ ಮಲ್ಟಿಎಂಡ್ ಯಂತ್ರ, ಈಚೆಗೆ ಸ್ವಯಂಚಾಲಿತ ಯಂತ್ರ ಬಂದವು. ಕುಣಿಮಗ್ಗಗಳಿದ್ದ ಮನೆಗಳಿಗೆ ವಿದ್ಯುತ್ ಮಗ್ಗ ಬಂದಿತು. ಕೆಲಸ ಕಳೆದುಕೊಂಡ ಉಪಕರಣಗಳು ಅಟ್ಟ, ಹಿತ್ತಿಲು, ಗೋದಾಮುಗಳಲ್ಲಿ ಉಳಿದುಕೊಂಡವು.

ಇಂತಹ ವಸ್ತುಗಳಿಗೆ ಈಗ ಅಂತರಜಾಲದಲ್ಲಿ ಗಿರಾಕಿಗಳಿದ್ದಾರೆ. ಗುಂಡ್ಲುಪೇಟೆಯ ಮೂಲಕ ಊಟಿ ಹಾಗೂ ವಯನಾಡಿನ ಕಡೆಗೆ ಸಾಗುವ ಹೆದ್ದಾರಿಗಳ ಬದಿಯ ಉಪಾಹಾರ ಗೃಹಗಳು, ಬಂಡೀಪುರದ ಸುತ್ತಲಿನ ವಸತಿಗೃಹಗಳು, ಮನೆಯ ಒಳಾಲಂಕಾರ ಮಾಡುವವರು, ಚಲನಚಿತ್ರದ ಕಲಾ ವಿಭಾಗದವರು, ಹವ್ಯಾಸಿ ಸಂಗ್ರಾಹಕರು ಇವನ್ನು ಕೊಳ್ಳುವ ವರ್ಗಕ್ಕೆ ಸೇರಿದವರು. ಆದರೆ ಮಾರುವವರಲ್ಲಿ ಎರಡು ಬಗೆಯ ತಪ್ಪುಗಳು ಕಂಡುಬರುತ್ತವೆ. ಬೆಲೆಯರಿಯದೆ ಸೌದೆಯ ಲೆಕ್ಕದಲ್ಲಿ ಒಪ್ಪಿಸಿಬಿಡುವುದು ಒಂದು. ಆಧಾರವಿಲ್ಲದೆ ‘150 ವರ್ಷದ ಪುರಾತನ ವಸ್ತು’ ಎಂದು ಜಾಹೀರಾತು ನೀಡುವುದು ಇನ್ನೊಂದು. ಮೊದಲನೆಯದರಿಂದ ಹಣ ನಷ್ಟ. ಎರಡನೆಯದರಿಂದ ಹಣದ ಜೊತೆಗೆ ಹೆಸರಿಗೂ ನಷ್ಟ. ಮುಂದೆ ವಿವರಿಸಿರುವಂತೆ ಕಾನೂನಿನ ತೊಡಕೂ ಉಂಟಾಗಬಹುದು.

ಒಂದೇ ವಸ್ತು, ಮೂರು ಬೆಲೆ

ಹಳೆಯ ಉಪಕರಣಕ್ಕೆ ಮೂರು ಬೆಲೆಗಳಿರುತ್ತವೆ. ಮರ ಮತ್ತು ಲೋಹದ ತೂಕಕ್ಕೆ ಸಿಗುವುದು ಗುಜರಿ ಬೆಲೆ. ಅದರಿಂದ ಇನ್ನೂ ಕೆಲಸ ಮಾಡಬಹುದಾಗಿದ್ದರೆ ಸಿಗುವುದು ಬಳಕೆಯ ಬೆಲೆ. ಅದರ ಹಿನ್ನೆಲೆಗಾಗಿ ಅಥವಾ ಅಂದಕ್ಕಾಗಿ ಕೊಡುವುದು ಸಂಗ್ರಾಹಕರ ಬೆಲೆ. ಈ ಮೂರನ್ನೂ ಬೆರೆಸುವುದೇ ಬಹಳಷ್ಟು ತಪ್ಪು ವ್ಯವಹಾರಗಳಿಗೆ ಮೂಲ.

ಉದಾಹರಣೆಗೆ, ಕಬ್ಬಿಣದ ಚೌಕಟ್ಟಿನ ಜಕಾರ್ಡ್ ಪೆಟ್ಟಿಗೆಯ ಎಲ್ಲ ಕೊಕ್ಕೆಗಳೂ ಸರಿಯಾಗಿದ್ದರೆ ಅದರ ನಿಜವಾದ ಗಿರಾಕಿ ಇನ್ನೊಬ್ಬ ನೇಕಾರ. ಅಲಂಕಾರಕ್ಕೆ ಕೊಳ್ಳುವವನಿಗೆ ಅದು ಭಾರವಾದ ಕಬ್ಬಿಣ ಮಾತ್ರ. ತೂತು ಹೊಡೆದ ರಟ್ಟಿನ ಪಟ್ಟಿಗಳ ಸರಮಾಲೆಯ ವಿಷಯ ಬೇರೆ. ಒಂದು ಅಂಚಿನ ಅಥವಾ ಸೆರಗಿನ ವಿನ್ಯಾಸವೇ ಆ ರಟ್ಟುಗಳಲ್ಲಿ ಅಡಗಿರುತ್ತದೆ. ಅನುಕ್ರಮ ತಪ್ಪದೆ ಪೂರ್ಣವಾಗಿ ಉಳಿದ ಸರಮಾಲೆಯಿಂದ ವಿನ್ಯಾಸವನ್ನು ಮತ್ತೆ ನೇಯಬಹುದು; ಬಿಡಿಬಿಡಿಯಾಗಿ ಕತ್ತರಿಸಿ ಮಾರಿದರೆ ಆ ಮೌಲ್ಯ ಶಾಶ್ವತವಾಗಿ ನಾಶವಾಗುತ್ತದೆ. ಕೈಚರಕದ ಮರದ ಚಕ್ರಕ್ಕೆ ಅಲಂಕಾರದ ಬೇಡಿಕೆ ಇರಬಹುದು. ಆದರೆ ನೀರು ಕಾಯಿಸುವ ಪಾತ್ರೆ, ಎಳೆ ಹಾಯಿಸುವ ಭಾಗ, ಚಕ್ರ ಮೂರೂ ಒಂದೇ ಮನೆಯಿಂದ ಒಟ್ಟಿಗೆ ಬಂದಿದ್ದರೆ ಮಾತ್ರ ಅದು ಪೂರ್ಣ ಉಪಕರಣವೆನಿಸಿಕೊಳ್ಳುತ್ತದೆ.

ವಿಳಾಸವೇ ಪಂಚಾಂಗ

ಕಾಲ ನಿರ್ಣಯದಲ್ಲಿ ನೆನಪಿಡಬೇಕಾದ ಮುಖ್ಯ ನಿಯಮವಿದು: ಬಹುತೇಕ ಗುರುತುಗಳು ‘ಇದು ಇಷ್ಟು ಹಳೆಯದು’ ಎಂದು ಹೇಳುವುದಿಲ್ಲ; ‘ಇದಕ್ಕಿಂತ ಹಿಂದಿನದಲ್ಲ’ ಅಥವಾ ‘ಇದಕ್ಕಿಂತ ಈಚಿನದಾಗಿರಲಾರದು’ ಎಂದಷ್ಟೇ ಹೇಳುತ್ತವೆ.

ಲೋಹದ ಫಲಕ, ಚೀಟಿ, ಪೆಟ್ಟಿಗೆಯ ಮೇಲಿನ ಬರಹ, ಹಳೆಯ ರಸೀದಿ ಇವುಗಳಲ್ಲಿರುವ ವಿಳಾಸ ಬಹಳ ಉಪಯುಕ್ತ. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ‘ಗುಂಡ್ಲುಪೇಟೆ, ಮೈಸೂರು ಜಿಲ್ಲೆ’ ಎಂದು ಮುದ್ರಿತವಾದ ಚೀಟಿ ಸಾಮಾನ್ಯವಾಗಿ ಅದಕ್ಕೂ ಹಿಂದಿನದು. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕೊಳ್ಳೇಗಾಲದ ಮಗ್ಗದ ಕಾಗದಪತ್ರದಲ್ಲಿ ಕೊಯಮತ್ತೂರು ಜಿಲ್ಲೆಯ ಹೆಸರಿದ್ದರೆ ಅದು ಹೊರಗಿನಿಂದ ಬಂದದ್ದೆಂದು ತಳ್ಳಿಹಾಕಬಾರದು. ಬದಲಾಗಿ 1956ಕ್ಕೂ ಹಿಂದಿನದೆಂಬುದಕ್ಕೆ ಅದು ಒಳ್ಳೆಯ ಆಧಾರ. ರಾಜ್ಯದ ಹೆಸರು ಮೈಸೂರಿನಿಂದ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಆರಂಕಿಯ ಪಿನ್ ಕೋಡ್ ಜಾರಿಗೆ ಬಂದದ್ದು 1972ರಲ್ಲಿ; ವಿಳಾಸದಲ್ಲಿ 571ರಿಂದ ಆರಂಭವಾಗುವ ಪಿನ್ ಇದ್ದರೆ ಆ ಫಲಕ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಭಾರತೀಯ ಮಾನಕ ಸಂಸ್ಥೆ ಸ್ಥಾಪನೆಯಾದದ್ದು 1947ರಲ್ಲಿ. ಐಎಸ್‌ಐ ಮುದ್ರೆಯಿರುವ ವಸ್ತು ಸ್ವಾತಂತ್ರ್ಯಾನಂತರದ್ದು. ‘ಪಶ್ಚಿಮ ಜರ್ಮನಿಯಲ್ಲಿ ತಯಾರಿಸಿದ್ದು’ ಎಂಬ ಬರಹ 1949ರಿಂದ 1990ರ ನಡುವಿನ ಅವಧಿಯನ್ನು ಸೂಚಿಸುತ್ತದೆ.

ಫಲಕದ ಮೇಲಿರುವ ಎಲ್ಲ ಇಸವಿಗಳನ್ನೂ ತಯಾರಿಕೆಯ ವರ್ಷವೆಂದು ಭಾವಿಸಬಾರದು. ಅದು ಕಂಪನಿ ಸ್ಥಾಪನೆಯಾದ ವರ್ಷವಿರಬಹುದು, ಪೇಟೆಂಟ್ ಪಡೆದ ವರ್ಷವಿರಬಹುದು. 1850ರಲ್ಲಿ ಸ್ಥಾಪಿತವಾದ ಕಂಪನಿ 1950ರಲ್ಲಿ ಮಾಡಿದ ಯಂತ್ರದ ಮೇಲೂ 1850 ಎಂದೇ ಅಚ್ಚು ಹಾಕುತ್ತದೆ.

ತಂತ್ರಜ್ಞಾನದ ಇತಿಹಾಸವೂ ಗಡಿಗಳನ್ನು ಹಾಕಿಕೊಡುತ್ತದೆ. ಜೆಮ್‌ಸೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ಪರಿಣತರ ನೆರವಿನಿಂದ ರೇಷ್ಮೆ ಕ್ಷೇತ್ರವನ್ನು ಆರಂಭಿಸಿದ್ದು 1890ರ ದಶಕದಲ್ಲಿ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಸ್ವಿಟ್ಜರ್ಲೆಂಡಿನಿಂದ ತರಿಸಿದ 10 ಮಗ್ಗಗಳೊಡನೆ ಆರಂಭವಾದದ್ದು 1912ರಲ್ಲಿ. ಹಗ್ಗ ಎಳೆದು ಲಾಳಿಯನ್ನು ಹಾರಿಸುವ ವಿಧಾನವನ್ನು ಇಂಗ್ಲೆಂಡಿನ ಜಾನ್ ಕೇ 1733ರಲ್ಲಿಯೇ ಕಂಡುಹಿಡಿದಿದ್ದರೂ ಭಾರತದ ಕೈಮಗ್ಗಗಳಲ್ಲಿ ಅದು ವ್ಯಾಪಕವಾಗಿ ಹರಡಿದ್ದು 20ನೇ ಶತಮಾನದ ಆರಂಭದ ದಶಕಗಳಲ್ಲಿ. ಹೀಗಾಗಿ ಹಳ್ಳಿಯ ಮನೆಯಲ್ಲಿ ದೊರೆತ, ಎರಡೂ ತುದಿಗಳಿಗೆ ಉಕ್ಕಿನ ಮೊನೆಯಿರುವ ಭಾರವಾದ ಲಾಳಿಯನ್ನು ‘ಟಿಪ್ಪುವಿನ ಕಾಲದ್ದು’ ಎಂದು ಮಾರುವುದು ಇತಿಹಾಸಕ್ಕೆ ಹೊಂದುವುದಿಲ್ಲ. ಹಾಗೆಂದು ಕೈಯಿಂದ ಎಸೆಯುವ ಹಗುರವಾದ ಲಾಳಿಯೆಲ್ಲವೂ ಅತಿ ಹಳೆಯದೆಂದೂ ಹೇಳಲಾಗದು. ರೇಷ್ಮೆಯ ಕೆಲವು ನೇಯ್ಗೆಗಳಲ್ಲಿ ಅದರ ಬಳಕೆ ಬಹುಕಾಲ ಮುಂದುವರಿಯಿತು.

ಮರ, ಮೊಳೆ, ಸವೆತ

ಬರಹವಿಲ್ಲದ ವಸ್ತುವಿನಲ್ಲಿ ಅದರ ಮೈಯನ್ನೇ ಓದಬೇಕು. ಕೂಡಿಸುವ ಚಿಹ್ನೆಯಂತಹ ತಲೆಯುಳ್ಳ ತಿರುಪು 1930ರ ದಶಕದಲ್ಲಿ ಬಳಕೆಗೆ ಬಂದದ್ದು. ನೈಲಾನ್ ಭಾಗ, ಪ್ಲಾಸ್ಟಿಕ್ ಕಂಡಿಕೆ, ಪ್ಲೈವುಡ್ ಹಲಗೆ ಇದ್ದರೆ ಒಂದೋ ವಸ್ತು ಈಚಿನದು, ಇಲ್ಲವೇ ಆ ಭಾಗ ದುರಸ್ತಿಯಲ್ಲಿ ಸೇರಿದ್ದು. ಮಗ್ಗವೆಂಬುದು ತಲೆಮಾರುಗಳ ಕಾಲ ಭಾಗ ಬದಲಿಸಿಕೊಂಡು ಬಾಳುವ ಉಪಕರಣ. ಚೌಕಟ್ಟು ಹಳೆಯದಿದ್ದು ಹಣಿಗೆ ಹೊಸದಾಗಿರಬಹುದು. ಆದ್ದರಿಂದ ಇಡೀ ಮಗ್ಗಕ್ಕೆ ಒಂದೇ ವಯಸ್ಸು ಹೇಳುವ ಬದಲು ಭಾಗವಾರು ಹೇಳುವುದು ಪ್ರಾಮಾಣಿಕ ಕ್ರಮ.

ಸವೆತ ಸುಳ್ಳು ಹೇಳುವುದು ಅಪರೂಪ. ನಿಜವಾಗಿ ದುಡಿದ ಲಾಳಿಯಲ್ಲಿ ಎಳೆ ಹೊರಬರುವ ಕಣ್ಣಿನ ಬಳಿ ಸಣ್ಣ ಗೀರು ಬಿದ್ದಿರುತ್ತದೆ, ತಳ ನುಣುಪಾಗಿರುತ್ತದೆ, ಒಳಗಿನ ಮೂಲೆಗಳು ಮಾತ್ರ ಒರಟಾಗಿ ಉಳಿದಿರುತ್ತವೆ. ಚರಕದ ಹಿಡಿ ಕೈ ಹಿಡಿಯುವ ಕಡೆ ಸವೆದಿರುತ್ತದೆ, ಬೇರೆ ಕಡೆ ಅಲ್ಲ. ಕೈ ತಾಗದ ಸಂದುಗಳೂ ಸೇರಿದಂತೆ ಎಲ್ಲೆಡೆ ಒಂದೇ ಸಮನೆ ಸವೆದು ಕಪ್ಪಾಗಿದ್ದರೆ ಅದು ಉಜ್ಜುಕಾಗದ ಮತ್ತು ಬಣ್ಣದ ಕೆಲಸವೆಂದು ಶಂಕಿಸಬೇಕು. ಇದೇ ಕಾರಣಕ್ಕೆ ಮಾರುವ ಮೊದಲು ವಾರ್ನಿಷ್ ಬಳಿಯುವುದು, ಹೊಳಪು ಕೊಡುವುದು ಸಲ್ಲದು. ಚೊಕ್ಕಟ ಮಾಡುವ ಆತುರದಲ್ಲಿ ಹೊಗೆಯ ಕರೆ, ಸವೆತದ ಗುರುತು, ಮಾಸಿದ ಚೀಟಿ ಅಳಿಸಿಹೋದರೆ ವಸ್ತುವಿನ ಸಾಕ್ಷ್ಯವೇ ಅಳಿದಂತೆ.

ಹೊರನಾಡಿನ ಒಂದು ಪಾಠ

ಇಂಗ್ಲೆಂಡಿನಲ್ಲಿ ಕೈಯಿಂದ ಲೇಸ್ ಹೆಣೆಯಲು ಬಳಸುತ್ತಿದ್ದ ಮೂಳೆ ಹಾಗೂ ಮರದ ಪುಟ್ಟ ಕಡ್ಡಿಗಳಿಗೆ ಇಂದು ವ್ಯವಸ್ಥಿತ ಮಾರುಕಟ್ಟೆಯಿದೆ. ಬೆಡ್‌ಫರ್ಡ್‌ಶೈರ್, ಬಕಿಂಗ್‌ಹ್ಯಾಮ್‌ಶೈರ್ ಕಡೆಯ ಕಡ್ಡಿಗಳ ತುದಿಗೆ ಭಾರಕ್ಕಾಗಿ ಗಾಜಿನ ಮಣಿಗಳ ಬಳೆಯಿರುತ್ತದೆ. ಡೆವನ್ ಸೀಮೆಯ ಹಾನಿಟನ್ ಲೇಸಿನ ಕಡ್ಡಿಗಳು ಮಣಿಯಿಲ್ಲದೆ ಹಗುರವಾಗಿ, ತುದಿ ಚೂಪಾಗಿರುತ್ತವೆ. ಬಲ್ಲವರು ಇದನ್ನು ನೋಡಿಯೇ ಸೀಮೆಯನ್ನು ಗುರುತಿಸುತ್ತಾರೆ. ಅಲ್ಲಿ ಬೆಲೆ ಏರುವುದು ಕೇವಲ ವಯಸ್ಸಿನಿಂದಲ್ಲ. ಚುಕ್ಕೆಗಳಿಂದ ಕೊರೆದ ಹೆಸರು, ಇಸವಿ, ಸಂದೇಶವಿರುವ ಮೂಳೆಯ ಕಡ್ಡಿಗೆ ಅದೇ ಕಾಲದ ಬರಿಯ ಮರದ ಕಡ್ಡಿಗಿಂತ ಹೆಚ್ಚು ಬೆಲೆ. ಹೊಸದಾಗಿ ತಯಾರಾಗುವ ಕಡ್ಡಿಗಳೂ ಅಲ್ಲಿ ಮಾರಾಟವಾಗುತ್ತವೆ. ಹೊಸದೆಂದು ಹೇಳಿ ಮಾರುವವರಿಗೆ ಯಾವ ಅಗೌರವವೂ ಇಲ್ಲ.

ಈ ಭಾಗದ ಉಪಕರಣಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಯಾವ ಊರಿನ ಮಗ್ಗ, ಏನು ನೇಯುತ್ತಿತ್ತು, ಯಾವಾಗ ನಿಂತಿತು ಎಂಬ ನಾಲ್ಕು ಸಾಲಿನ ವಿವರ, ಜೊತೆಗೆ ಒಂದು ಹಳೆಯ ಛಾಯಾಚಿತ್ರ ಅಥವಾ ರಸೀದಿ ಇದ್ದರೆ ಸಾಧಾರಣ ಲಾಳಿಗೂ ಘನತೆ ಬರುತ್ತದೆ. ಹಳೆಯ ಮನೆಯಿಂದ ಸಾಮಾನು ಕೊಳ್ಳುವ ವರ್ತಕರು ಈ ಮಾಹಿತಿಯನ್ನು ಅಂದೇ ಬರೆದಿಟ್ಟುಕೊಳ್ಳಬೇಕು. ಸಾಮಾನು ಕೈ ಬದಲಾದ ಮೇಲೆ ಅದು ಮತ್ತೆ ಸಿಗುವುದಿಲ್ಲ.

ನೂರು ವರ್ಷದ ಗಡಿ

ವಯಸ್ಸನ್ನು ಹಿಗ್ಗಿಸಿ ಹೇಳುವವರು ಗಮನಿಸದ ಸಂಗತಿಯೊಂದಿದೆ. 1972ರ ಪುರಾವಸ್ತು ಮತ್ತು ಕಲಾ ನಿಧಿಗಳ ಅಧಿನಿಯಮದಂತೆ ಗತಕಾಲದ ಕಲೆ, ಕರಕುಶಲ, ವಿಜ್ಞಾನಗಳನ್ನು ತೋರಿಸುವ, 100 ವರ್ಷಕ್ಕೆ ಕಡಿಮೆಯಿಲ್ಲದ ವಸ್ತು ‘ಪುರಾವಸ್ತು’ ಎನಿಸಬಹುದು. ಪುರಾವಸ್ತುಗಳ ಮಾರಾಟವನ್ನು ವ್ಯಾಪಾರವಾಗಿ ನಡೆಸಲು ಪರವಾನಗಿ ಬೇಕು. ಖಾಸಗಿಯವರು ಅವುಗಳನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ; ಉಲ್ಲಂಘನೆಗೆ 6 ತಿಂಗಳಿಗೆ ಕಡಿಮೆಯಿಲ್ಲದ, 3 ವರ್ಷದವರೆಗಿನ ಸೆರೆವಾಸ ಹಾಗೂ ದಂಡವಿದೆ. ಹೀಗಾಗಿ ‘150 ವರ್ಷದ್ದು’ ಎಂಬ ಜಾಹೀರಾತು ನಿಜವಾಗಿದ್ದರೆ ಮಾರುವವನು ಪರವಾನಗಿಯ ಪ್ರಶ್ನೆಗೆ ಉತ್ತರಿಸಬೇಕಾದೀತು. ಸುಳ್ಳಾಗಿದ್ದರೆ ಗ್ರಾಹಕನನ್ನು ದಾರಿತಪ್ಪಿಸಿದ ಆರೋಪಕ್ಕೆ ಗುರಿಯಾದಾನು. ವಸ್ತುವಿನ ವಿವರ ವಾಸ್ತವಕ್ಕೆ ಅನುಗುಣವಾಗಿರಬೇಕೆಂದು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಮಾರಾಟಗಾರನ ಮೇಲೆ ಹೊಣೆ ಹೊರಿಸಿವೆ. ವಿದೇಶದಿಂದ ಬೇಡಿಕೆ ಬಂದು ವಯಸ್ಸಿನ ಬಗ್ಗೆ ಸಂದೇಹವಿದ್ದಲ್ಲಿ ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆಯುವುದು ಕ್ಷೇಮ.

ಬಳಸಿದ ಪದಾರ್ಥವನ್ನೂ ನೋಡಬೇಕು. ಬೀಟೆ ಮರದ ವರ್ಗವಿಡೀ 2017ರಿಂದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದ್ದು, ಅದರ ರಫ್ತಿನ ದಾಖಲೆಗಳ ಬಗ್ಗೆ ಮೊದಲೇ ವಿಚಾರಿಸಬೇಕು. ಹಿಡಿಯಲ್ಲೋ ಗುಬುಟಿನಲ್ಲೋ ಆನೆಯ ದಂತ ಅಥವಾ ಜಿಂಕೆಯ ಕೊಂಬು ಇದ್ದರೆ ಅದು ಎಷ್ಟೇ ಹಳೆಯದಾದರೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರುವಂತಿಲ್ಲ.

ಮಾರುವವರು ಅನುಸರಿಸಬಹುದಾದ ಕ್ರಮ

ಅಂತರಜಾಲದಲ್ಲಿ ಕೇಳಿದ ಬೆಲೆಯನ್ನು ಮಾರುಕಟ್ಟೆ ಬೆಲೆಯೆಂದು ನಂಬಬಾರದು. ತಿಂಗಳುಗಟ್ಟಲೆ ಮಾರಾಟವಾಗದೆ ಉಳಿದ ಜಾಹೀರಾತಿನ ಅಂಕಿ ಮಾರುವವನ ಆಸೆ ಮಾತ್ರ. ಇ-ಬೇ ಮೊದಲಾದ ತಾಣಗಳಲ್ಲಿ ಮಾರಾಟವಾದ ವಸ್ತುಗಳನ್ನೇ ಪ್ರತ್ಯೇಕವಾಗಿ ನೋಡುವ ಸೌಲಭ್ಯವಿದೆ. ಹೋಲಿಕೆ ಅದರೊಡನೆ ನಡೆಯಬೇಕು. ಸಾಗಾಣಿಕೆ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಲಾಳಿ ಅಂಚೆಯಲ್ಲಿ ಹೋಗುತ್ತದೆ, ಮಗ್ಗಕ್ಕೆ ಲಾರಿಯೇ ಬೇಕು.

ಛಾಯಾಚಿತ್ರದಲ್ಲಿ ಅಳತೆಪಟ್ಟಿ ಜೊತೆಗಿರಲಿ. ಫಲಕ, ತಳಭಾಗ, ಬಿರುಕು, ಹುಳು ತಿಂದ ತೂತು ಇವನ್ನು ಮರೆಮಾಚದೆ ತೋರಿಸಬೇಕು. ವಿವರಣೆಯಲ್ಲಿ ತಿಳಿದದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಬರೆಯಬೇಕು. ‘ಕೊಳ್ಳೇಗಾಲದ ಮನೆಯಿಂದ ಕೊಂಡದ್ದು, ಫಲಕದಲ್ಲಿ ಮೈಸೂರು ರಾಜ್ಯವೆಂದಿದೆ, ಆದ್ದರಿಂದ 1973ಕ್ಕೂ ಹಿಂದಿನದೆಂದು ಅಂದಾಜು, ಹಣಿಗೆ ಬದಲಾಗಿದೆ’ ಎಂಬ ಒಂದು ಸಾಲು ‘ಅಪರೂಪದ ಪುರಾತನ ವಸ್ತು’ ಎಂಬ ಹತ್ತು ಸಾಲಿಗಿಂತ ಹೆಚ್ಚು ನಂಬಿಕೆ ಗಳಿಸುತ್ತದೆ.

ತೆರಿಗೆಯ ದೃಷ್ಟಿಯಿಂದ, ಹಳೆಯ ಸಾಮಾನಿನ ನೋಂದಾಯಿತ ವ್ಯಾಪಾರಿಗಳು ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದರೆ, ಜಿಎಸ್‌ಟಿ ನಿಯಮ 32(5)ರಂತೆ ಕೊಂಡ ಮತ್ತು ಮಾರಿದ ಬೆಲೆಗಳ ವ್ಯತ್ಯಾಸದ ಮೇಲಷ್ಟೇ ತೆರಿಗೆ ಕಟ್ಟಬಹುದು. 4,000 ರೂಪಾಯಿಗೆ ಕೊಂಡದ್ದನ್ನು 7,000ಕ್ಕೆ ಮಾರಿದರೆ ತೆರಿಗೆ 3,000 ರೂಪಾಯಿಯ ಮೇಲೆ ಮಾತ್ರ. ಇದಕ್ಕೆ ಖರೀದಿಯ ಚೀಟಿ ಅವಶ್ಯ. ಅದೇ ಚೀಟಿಯಲ್ಲಿ ಊರು, ದಿನಾಂಕ, ಉಪಕರಣದ ಹಿನ್ನೆಲೆಯನ್ನು ದಾಖಲಿಸಿದರೆ ತೆರಿಗೆಯ ಲೆಕ್ಕಕ್ಕೂ ವಸ್ತುವಿನ ಇತಿಹಾಸಕ್ಕೂ ಒಂದೇ ಕಾಗದ ಸಾಕಾಗುತ್ತದೆ.

ಜಿಲ್ಲೆಯ ಅಟ್ಟಗಳಲ್ಲಿರುವ ಚರಕ, ಲಾಳಿ, ಜಕಾರ್ಡ್ ರಟ್ಟುಗಳ ಸಂಖ್ಯೆ ಇನ್ನು ಹೆಚ್ಚುವಂತಿಲ್ಲ. ಪ್ರತಿ ವರ್ಷ ಒಂದಷ್ಟು ಒಲೆಗೆ, ಒಂದಷ್ಟು ಗುಜರಿಗೆ ಸೇರುತ್ತಿವೆ. ತೂಕಕ್ಕೆ ಮಾರುವ ಮೊದಲು ಫಲಕವನ್ನು ಓದಿ, ಮನೆಯ ಹಿರಿಯರನ್ನು ಕೇಳಿ, ತಿಳಿದದ್ದನ್ನು ಬರೆದಿಡುವ ವರ್ತಕನಿಗೆ ತನ್ನ ಲಾಭವೂ ಸಿಗುತ್ತದೆ, ಈ ಸೀಮೆಯ ಕಸುಬಿನ ದಾಖಲೆಯೂ ಉಳಿಯುತ್ತದೆ.