ಕಾಂಪೌಂಡಿನೊಳಗೆ ಬೇರು, ಬೀದಿಗೆಲ್ಲ ನೆರಳು

'ಸೈಟು ನಮ್ಮದು, ಮರ ನೆಟ್ಟಿದ್ದು ನಮ್ಮಪ್ಪ. ಕಡಿಯೋದಕ್ಕೆ ಯಾರ ಅಪ್ಪಣೆ ಯಾಕೆ ಬೇಕು?' ಬೆಂಗಳೂರಿನಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟಿಸುವವರು ಕೇಳುವ ಪ್ರಶ್ನೆಯಿದು. ಪ್ರಶ್ನೆ ನ್ಯಾಯವಾದದ್ದೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದಲ್ಲಿರುವ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಏಕೆ ಹೀಗೆ ಎಂದು ತಿಳಿಯಲು ಒಂದು ಎಲೆಯಿಂದ ಶುರುಮಾಡೋಣ.

ಎಲೆಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪತ್ರರಂಧ್ರಗಳಿವೆ. ಬೇರು ಹೀರಿದ ನೀರು ಇವುಗಳ ಮೂಲಕ ಆವಿಯಾಗಿ ಹೊರಬೀಳುತ್ತದೆ. ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಎಲೆಯಿಂದ, ಸುತ್ತಲಿನ ಗಾಳಿಯಿಂದ ಪಡೆಯುತ್ತದೆ. ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಕ್ತಿ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮ. ಮರವೊಂದು ದಿನಕ್ಕೆ 100 ಲೀಟರ್ ನೀರನ್ನು ಆವಿಯಾಗಿಸಿದರೆ 67 ಯೂನಿಟ್ಟಿನಷ್ಟು ಶಾಖವನ್ನು ಹೀರಿದಂತೆ. ಎ.ಸಿ. ಯಂತ್ರ ಒಳಗಿನ ಬಿಸಿಯನ್ನು ಬೀದಿಗೆ ಉಗುಳುತ್ತದೆ. ಮರ ಬೀದಿಯನ್ನೇ ತಂಪು ಮಾಡುತ್ತದೆ.

ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ಇದನ್ನು ಅಳೆದು 2013ರಲ್ಲಿ ಪ್ರಕಟಿಸಿದರು. ಮಧ್ಯಾಹ್ನದ ಹೊತ್ತು ಮರಗಳಿಲ್ಲದ ರಸ್ತೆಗಿಂತ ಮರಗಳಿರುವ ರಸ್ತೆಯ ಗಾಳಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ತಂಪಾಗಿತ್ತು. ಡಾಂಬರಿನ ಮೇಲ್ಮೈಯಲ್ಲಂತೂ ವ್ಯತ್ಯಾಸ 27.5 ಡಿಗ್ರಿವರೆಗೂ ಇತ್ತು. ಸೊಪ್ಪಿನ ತಳ್ಳುಗಾಡಿಯವರು, ಹೂ ಕಟ್ಟುವವರು, ಬಸ್ಸಿಗೆ ಕಾಯುವವರು ಈ ತಂಪನ್ನೇ ನಂಬಿದ್ದಾರೆ. ಕೊಡಲಿ ಒಬ್ಬರ ಕಾಂಪೌಂಡಿನಲ್ಲಿ ಬಿದ್ದರೂ ಬಿಸಿಲು ಬೀಳುವುದು ಇವರ ತಲೆಯ ಮೇಲೆ.

ಮರ ಉಳಿಸುವುದೆಂದರೆ ಕೊಡಲಿ ತಡೆಯುವುದಷ್ಟೇ ಅಲ್ಲ, ಬುಡದ ಮಣ್ಣನ್ನೂ ಉಳಿಸಬೇಕು. ನೀರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲ್ಪದರದಲ್ಲೇ ಹರಡಿರುತ್ತವೆ, ಅವೂ ಉಸಿರಾಡಬೇಕು. ಬುಡದವರೆಗೂ ಕಾಂಕ್ರೀಟ್ ಸುರಿದರೆ ಗಾಳಿಯೂ ಇಲ್ಲ, ಮಳೆನೀರೂ ಇಲ್ಲ. ಸೊರಗಿದ ಬೇರಿನ ಮರ ಮುಂದೊಂದು ಗಾಳಿಮಳೆಗೆ ಉರುಳುತ್ತದೆ. ಇದನ್ನರಿತೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ, ದೆಹಲಿಯ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಲು ಆದೇಶಿಸಿತು.

'ಒಂದು ಕಡಿದರೆ ಹತ್ತು ನೆಡುತ್ತೇವೆ' ಎಂಬ ಭರವಸೆಯನ್ನೂ ಲೆಕ್ಕ ಹಾಕಿ ನೋಡೋಣ. 12 ಮೀಟರ್ ಅಗಲ ಹರಡಿದ ಮಳೆಮರ ಸುಮಾರು 113 ಚದರ ಮೀಟರ್ ನೆಲವನ್ನು ಮುಚ್ಚುತ್ತದೆ. ಒಂದು ಮೀಟರ್ ಅಗಲದ ಸಸಿ ಮುಚ್ಚುವುದು 0.8 ಚದರ ಮೀಟರನ್ನೂ ಮುಟ್ಟದು. ನೆರಳಿನಲ್ಲಿ ಸಮನಾಗಲು 144 ಸಸಿ ಬೇಕು, ಅವೆಲ್ಲವೂ ಬದುಕಬೇಕು. ಸಸಿ ನೆಡಲೇಬೇಕು, ನಿಜ. ಆದರೆ ಅದು ಮರವಾಗುವ ಹೊತ್ತಿಗೆ ಒಂದು ತಲೆಮಾರು ಬಿಸಿಲಲ್ಲಿ ನಡೆದಿರುತ್ತದೆ.

ಒಣಗಿದ, ರೋಗ ಬಡಿದ, ಜೀವಕ್ಕೆ ಅಪಾಯ ತರುವ ಮರ ಕಡಿಯಲು ಕಾಯ್ದೆಯಲ್ಲೇ ಅವಕಾಶವಿದೆ. 50ಕ್ಕಿಂತ ಹೆಚ್ಚು ಮರ ಉರುಳುವುದಾದರೆ ಜನರ ಆಕ್ಷೇಪಣೆ ಕೇಳಬೇಕೆಂಬ ತಿದ್ದುಪಡಿಯೂ ಬಂದಿದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು 800ಕ್ಕೂ ಹೆಚ್ಚು ಮರ ಕಡಿಯುವ ಯೋಜನೆ ಬಂದಾಗ ಸಾವಿರಾರು ಮಂದಿ ಕೈಕೈ ಹಿಡಿದು ರಸ್ತೆಬದಿ ನಿಂತರು. ಮರುವರ್ಷ ಸರ್ಕಾರ ಯೋಜನೆ ಕೈಬಿಟ್ಟಿತು.

ಅರ್ಜಿ ಕೊಟ್ಟು ಕಾಯುವ ದಿನಗಳಲ್ಲಿ ಮನೆಯ ನಕ್ಷೆಯನ್ನು ಇನ್ನೊಮ್ಮೆ ಬಿಡಿಸಿ ನೋಡಬಹುದು. ಕಾಗದದ ಮೇಲೆ ಗೋಡೆಯನ್ನು ಮೂರಡಿ ಸರಿಸಲು ಪೆನ್ಸಿಲ್ ಸಾಕು. ಅಪ್ಪ ನೆಟ್ಟ ಮರ ಅಲ್ಲೇ ನಿಂತು, ಅವರು ಕಂಡಿರದ ಎಷ್ಟೋ ಜನರಿಗೆ ನೆರಳು ಕೊಡುತ್ತಿರಲಿ.